ಮೋರ್ ಬೆಟರ್ ಅನ್ನಬಾರದು

ಸನ್ಮಾನ್ಯ ಅಧ್ಯಕ್ಷರೂ ನಮ್ಮ ಹೋಟೆಲಿನ ಮ್ಯಾನೇಜರೂ ಆದ ಸಾಹೇಬರೇ, ನಮಗೆಲ್ಲ ಇಂಗ್ಲಿಷ್ ಕಲಿಸಿದ ಟೀಚರಮ್ಮನವರೇ, ಇಂದು ಸನ್ಮಾನ ಪಡೆಯುತ್ತಿರುವ ಹೊಸ ಸೂಪರ್‌ವೈಸರ್ ಅವರೇ, ಅಂದರೆ ನನ್ನ ಹೆಂಡತಿಯವರೇ, ಮತ್ತು ಕೆಲಸ ಮುಗಿಸಿ ಬಂದಿರುವ, ಕೆಲಸ ತಪ್ಪಿಸಿಕೊಂಡು ಬಂದಿರುವ ಎಲ್ಲ ಸಭಿಕರೇ,

ಲಾಂಡ್ರಿ ವಿಭಾಗದ ಹಿರಿಯನಾಗಿ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಗಂಡನಾಗಿ ಮಾತಾಡಿ ಎಂದು ಯಾರೂ ಕೇಳಿಲ್ಲ. ಆದ್ದರಿಂದ ಗಂಡನಾಗಿ ನಾನು ಏನನ್ನೂ ಹೇಳುವುದಿಲ್ಲ.

ಈ ಹೋಟೆಲಿಗೆ ಮೊದಲು ಬಂದವನು ಯಾರು? ನಾನು. ಈ ಹೊಸ ಸೂಪರ್‌ವೈಸರ್ ಅವರನ್ನು ಇಲ್ಲಿ ಕೆಲಸಕ್ಕೆ ಸೇರಿಸಿದವನು ಯಾರು? ನಾನು. ಹಾಸಿಗೆಯ ಮೇಲೆ ಚಾದರವನ್ನು ಸುಕ್ಕಿಲ್ಲದೆ ಎಳೆದು ಮೂಲೆ ಮಡಿಸುವುದನ್ನು ಹೇಳಿಕೊಟ್ಟವನು ಯಾರು? ಹೆಮ್ಮೆಗೆ ಹೇಳುತ್ತಿಲ್ಲ. ಎಲ್ಲರಿಗೂ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ, ಅಷ್ಟೇ.

ಸೂಪರ್‌ವೈಸರ್ ಜಾಗ ಖಾಲಿಯಾಯಿತು. ಇಂಗ್ಲಿಷ್ ಪರೀಕ್ಷೆಯಲ್ಲಿ ಮೇಲೆ ಬಂದವರಿಗೆ ಆ ಜಾಗ ಎಂದು ಸಾಹೇಬರು ಸಾರಿದರು. "ಅಣ್ಣಾ, ಅದು ನಿಮ್ಮದೇ ಬಿಡಿ" ಎಂದು ಇಡೀ ಲಾಂಡ್ರಿ ಹೇಳಿತು. ನಾನೂ ಹಾಗೇ ತಿಳಿದುಕೊಂಡೆ. ಪರೀಕ್ಷೆಗೆ ಮುಂಚೆ ಟೀಚರಮ್ಮನವರ ಪಾಠ ಎಂದಾಯಿತು. ಆಗ ನನ್ನ ಹೆಂಡತಿಯವರು, ನಾನೂ ಪಾಠಕ್ಕೆ ಬರುತ್ತೇನೆ ಎಂದರು.

"ನಿನಗ್ಯಾಕೆ?" ಎಂದೆ.

"ಹೇಗೂ ನಿಮಗೋಸ್ಕರ ಕಾಯಬೇಕಲ್ಲ. ಬಾಗಿಲ ಹೊರಗೆ ನಿಲ್ಲೋ ಬದಲು ಒಳಗೆ ಕೂತ್ಕೋತೀನಿ."

ಹೀಗೆ, ಸಭಿಕರೇ, ಕುರ್ಚಿಯೊಂದು ಖಾಲಿ ಇದ್ದದ್ದಕ್ಕೆ ಬಂದು ಕೂತವರು ಅವರು.

ಬಟ್ಟೆ ಜೋಡಿಸಿಡುವ ಕೋಣೆಯಲ್ಲೇ ಪಾಠ. ಟೀಚರಮ್ಮ ಕಪಾಟಿನಿಂದ ಟವೆಲ್‌ಗಳನ್ನು ತೆಗೆದು ಮೇಜಿನ ಮೇಲೆ ಹಾಸಿದರು. ಕೈ ಒರೆಸುವುದು ಬಿಗ್, ತಲೆ ಒರೆಸುವುದು ಬಿಗ್ಗರ್, ಮೈ ಒರೆಸುವುದು ಬಿಗ್ಗೆಸ್ಟ್. ನೋಡಿ, ನಮ್ಮ ಭಾಷೆಯಲ್ಲಿ ದೊಡ್ಡದು ದೊಡ್ಡದೇ. 'ಅದಕ್ಕಿಂತ' ಅಂದರೆ ಸಾಕು, ಪದ ಮಿಸುಕುವುದಿಲ್ಲ. ಇಂಗ್ಲಿಷಿನಲ್ಲಿ ಪಕ್ಕಕ್ಕೆ ಇನ್ನೊಬ್ಬರು ಬಂದು ನಿಂತ ಕೂಡಲೇ ಪದಕ್ಕೆ ಬಾಲ ಬೆಳೆಯುತ್ತದೆ! ಗುಡ್ ಎಂಬುದಂತೂ ಹೆಸರನ್ನೇ ಬದಲಾಯಿಸಿಕೊಂಡು ಬೆಟರ್ ಆಗಿಬಿಡುತ್ತದೆ. "ಸ್ವಲ್ಪ ಹೆಚ್ಚಾದ ಮಾತ್ರಕ್ಕೆ ಗುರುತೇ ಸಿಗದ ಹಾಗೆ ಆಗೋದು ಸರಿಯಾ?" ಎಂದು ಕೇಳಿದೆ.

"ಕೆಲವರಿಗೆ ಹಾಗಾಗುತ್ತೆ" ಎಂದರು ಟೀಚರಮ್ಮ.

ವಾಕ್ಯ ಮಾಡಿ ಎಂದಾಗ ಮೊದಲು ಎದ್ದವನು ನಾನೇ. "ಮೈ ವರ್ಕ್ ಈಸ್ ಮೋರ್ ಬೆಟರ್ ದ್ಯಾನ್ ಮೈ ವೈಫ್."

ಪಕ್ಕದಿಂದ ಮೆಲ್ಲಗೆ ಕೇಳಿಸಿತು. "ರೀ, ಮೋರ್ ಬೇಡ. ಬೆಟರ್ ಅಂದ್ರೇನೇ ಹೆಚ್ಚು ಅಂತ ಬಂತಲ್ಲ."

"ನೀನು ಸುಮ್ನಿರು. ಇನ್ನೊಂಚೂರು ಹೆಚ್ಚಿದ್ರೆ ಏನು ಕಳ್ಕೊಳ್ಳೋದು?"

ಟೀಚರಮ್ಮ ಯಾರ ಪಕ್ಷ ವಹಿಸಿದರು ಎಂಬುದನ್ನು ಹೇಳಬೇಕಾಗಿಲ್ಲ. ಆ ಸಂಜೆ ಮನೆಗೆ ಹೋಗುವಾಗ ನಾನು ಬಿರಬಿರನೆ ಮುಂದೆ ನಡೆದೆ. ಹಿಂದಿನಿಂದ "ಫಾಸ್ಟ್, ಫಾಸ್ಟರ್, ಫಾಸ್ಟೆಸ್ಟ್" ಎಂದು ಅಭ್ಯಾಸ ಮಾಡುವ ದನಿ ಬರುತ್ತಲೇ ಇತ್ತು. ಬೇಕೆಂದೇ ಹೇಳುತ್ತಿದ್ದರು ಎಂದು ನಾನು ಯಾರಲ್ಲೂ ದೂರಿಲ್ಲ.

ಪರೀಕ್ಷೆಯಲ್ಲಿ ಸಾಹೇಬರು ನನಗೆ ಎರಡು ಕೋಣೆಗಳನ್ನು ಹೋಲಿಸಿ ಹೇಳು ಎಂದರು. ಈ ಕಟ್ಟಡದಲ್ಲಿ ಯಾವ ಪರದೆಗೆ ಎಲ್ಲಿ ಕಲೆಯಿದೆ ಎಂದು ಬಲ್ಲವನು ನಾನು. ಬಾಯಿ ತೆರೆದೆ. ಹೊರಗೆ ಬಂದದ್ದು ಮೋರ್ ಬೆಟರ್.

ಆಮೇಲೆ ಅವಳು ಒಳಗೆ ಹೋದಳು, ಕ್ಷಮಿಸಿ, ಅವರು ಹೋದರು. ಬಾಗಿಲು ಅರ್ಧ ತೆರೆದಿತ್ತು. ನಾನು ಬೂಟಿನ ದಾರ ಕಟ್ಟಿಕೊಳ್ಳುತ್ತ ಅಲ್ಲೇ ಇದ್ದೆ. ಸಾಹೇಬರು ತಮಾಷೆಗೆ, ನಿನ್ನನ್ನೂ ನಿನ್ನ ಗಂಡನನ್ನೂ ಹೋಲಿಸು ಎಂದರು. "ಹಿ ಈಸ್ ಓಲ್ಡರ್. ಹಿ ಈಸ್ ಲೌಡರ್. ಐ ಆಮ್ ಫಾಸ್ಟರ್." ಒಂದು ತಪ್ಪಿಲ್ಲ, ಸಭಿಕರೇ! ವ್ಯಾಕರಣದ ಮಾತು ಹೇಳುತ್ತಿದ್ದೇನೆ.

ಹಾಗಾದರೆ ಈ ಹೋಟೆಲಿನಲ್ಲಿ ಬೆಸ್ಟ್ ಕೆಲಸಗಾರ ಯಾರು ಎಂದು ಸಾಹೇಬರು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಏನು ಹೇಳುತ್ತಿದ್ದರು? "ನೀವೇ ಸಾರ್" ಎನ್ನುತ್ತಿದ್ದರು. ನಾನಂತೂ ಎನ್ನುತ್ತಿದ್ದೆ. ಅವಳು ಇಂಗ್ಲಿಷಿನಲ್ಲೇ, ಪದ ಹುಡುಕಿ ಹುಡುಕಿ ಹೇಳಿದ್ದರ ಅರ್ಥ ಇಷ್ಟು: ಬೆಸ್ಟ್ ಅನ್ನೋಕೆ ಎಲ್ಲರನ್ನೂ ನೋಡಿರಬೇಕು ಸಾರ್, ನೀವು ಕೆಲಸ ಮಾಡೋದನ್ನ ನಾನಿನ್ನೂ ನೋಡಿಲ್ಲ.

ಸಾಹೇಬರು ಆಗ ನಕ್ಕರು. ಈಗಲೂ ನಗುತ್ತಿದ್ದಾರೆ. ಅವರದು ದೊಡ್ಡ ಮನಸ್ಸು. ಎಷ್ಟು ದೊಡ್ಡದು, ಯಾರಿಗಿಂತ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಫಲಿತಾಂಶ ಬಂದ ಮೇಲೆ ನನ್ನ ಗಂಟಲು ಕಟ್ಟಿತು. ಕೆಲವು ದಿನ ಮನೆಯಲ್ಲಿ ಮಾತಾಡಲಾಗಲಿಲ್ಲ. ಫೋನಿನಲ್ಲಿ ನನ್ನ ತಂಗಿಯ ಹತ್ತಿರ ಚೆನ್ನಾಗಿಯೇ ಮಾತಾಡುತ್ತಿದ್ದೆ ಎಂದು ನನ್ನ ಹೆಂಡತಿಯವರು ಹೇಳಿಕೊಂಡು ತಿರುಗುತ್ತಿರುವುದು ನನಗೆ ಗೊತ್ತಿದೆ.

ಇವತ್ತು ಬೆಳಿಗ್ಗೆ ಅವರ ಹೊಸ ಕೋಟು ಲಾಂಡ್ರಿಗೆ ಬಂತು. ಹುಡುಗರು ಮುಟ್ಟಲು ಬಂದರು, ನಾನು ಬಿಡಲಿಲ್ಲ. ನಾನೇ ಇಸ್ತ್ರಿ ಹಾಕಿದೆ, ನಾನೇ ಹಿಡಿದುಕೊಂಡು ಹೋಗಿ ಕೊಟ್ಟೆ. ಅವರು ಕಾಲರನ್ನು ಬೆಳಕಿಗೆ ಹಿಡಿದು ನೋಡಿದರು. ಎಲ್ಲರ ಎದುರಿಗೇ ವಾಪಸು ಕೊಟ್ಟು, "ಇನ್ನೊಂದು ಸಲ ಮಾಡಿ" ಎಂದರು.

ನಾನು ಕೋಟು ತೆಗೆದುಕೊಂಡು ಹೋಗಿ, ಕಾಲರಿಗೆ ನೀರು ಚಿಮುಕಿಸಿ, ಇನ್ನೊಂದು ಸಲ ಮಾಡಿದೆ. ಏಕೆ ಗೊತ್ತೇ? ತುದಿಯಲ್ಲಿ ಒಂದು ಸುಕ್ಕು ನಿಜವಾಗಿಯೂ ಇತ್ತು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ತಾಳ್ಮೆಯಿಂದ ಕೇಳಿದ್ದೀರಿ, ಉಪಕಾರವಾಯಿತು. ಹಾರ ಹಾಕುವವರು ದಯವಿಟ್ಟು ಆ ಕಾಲರಿನ ಕಡೆ ಸ್ವಲ್ಪ ಹುಷಾರಾಗಿರಿ. ನಮಸ್ಕಾರ.