ಮಣಿಕಟ್ಟಿನ ಎಂಟನೆಯ ಮೂಳೆ

ಹೇಳಿಕೆ ಕೊಡುತ್ತಿರುವವಳ ಹೆಸರು: ನಮೂನೆಯ ಮೊದಲ ಸಾಲಿನಲ್ಲಿ ಬರೆದಿರುವಂತೆ. ವಯಸ್ಸು: 27. ಉದ್ಯೋಗ: ಫಿಸಿಯೋಥೆರಪಿ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್. ವಾಸ: ಠಾಣೆಯ ಹಿಂದಿನ ರಸ್ತೆ, ಔಷಧಿ ಅಂಗಡಿಯ ಮೇಲಿನ ಮಹಡಿ. ಈ ದಿನ ಮಧ್ಯಾಹ್ನ 12 ಗಂಟೆಗೆ ಠಾಣೆಯಲ್ಲಿ ಹಾಜರಿದ್ದು, ಯಾರ ಒತ್ತಾಯವೂ ಇಲ್ಲದೆ, ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿ ಬರೆಸುತ್ತಿರುವುದು ಹೀಗಿದೆ.

ನನಗೆ ಹನ್ನೊಂದು ತಿಂಗಳ ಮಗಳಿದ್ದಾಳೆ. ಮನೆಯಲ್ಲಿ ಪುಟ್ಟಿ ಎನ್ನುತ್ತೇವೆ. ಹಲ್ಲು ಬರುತ್ತಿರುವುದರಿಂದ ಒಂಬತ್ತು ದಿನಗಳಿಂದ ಅವಳು ಸರಿಯಾಗಿ ಮಲಗಿಲ್ಲ, ನಾನು ಮಲಗೇ ಇಲ್ಲ. ಯಜಮಾನರು ಕೆಲಸದ ಮೇಲೆ ಪರವೂರಿನಲ್ಲಿದ್ದಾರೆ. ನಿದ್ದೆಗೆಟ್ಟ ಕಣ್ಣಿಗೆ ವಸ್ತುಗಳು ಇದ್ದ ಜಾಗ ಬಿಟ್ಟು ಒಂದಿಷ್ಟು ತೇಲಿದಂತೆ ಕಾಣುತ್ತವೆ. ಇದನ್ನೆಲ್ಲ ಬರೆಯುವ ಅಗತ್ಯವಿಲ್ಲ ಎಂದು ಹೆಡ್ ಕಾನ್‌ಸ್ಟೇಬಲ್ ಹೇಳಿದರು. ಅಗತ್ಯವಿದೆ ಎಂದು ನಾನು ಹೇಳಿದೆ.

ನಮ್ಮ ವಿಭಾಗದಲ್ಲಿ ಪಾಠದ ಮೂಳೆಗಳನ್ನು ರಿಜಿಸ್ಟರಿನಲ್ಲಿ ಸಹಿ ಮಾಡಿ ಮನೆಗೆ ಒಯ್ಯುವ ಪದ್ಧತಿಯಿದೆ. ನಿನ್ನೆ ಸಂಜೆ ನಾನು 14ನೇ ನಂಬರಿನ ಎಡಗೈಯನ್ನು ಒಯ್ದೆ. ಮೊಣಕೈಯಿಂದ ಕೆಳಗಿನ ಎರಡು ಉದ್ದ ಮೂಳೆ, ನೈಲಾನ್ ದಾರದಲ್ಲಿ ಪೋಣಿಸಿದ ಅಂಗೈ ಮತ್ತು ಬೆರಳಿನ ಮೂಳೆಗಳು, ಮಣಿಕಟ್ಟಿನ ಎಂಟು ಬಿಡಿ ಮೂಳೆ. ಆ ಎಂಟನ್ನು ಪೋಣಿಸುವುದಿಲ್ಲ. ಕಣ್ಣು ಮುಚ್ಚಿ, ಬೆರಳಿನಿಂದ ತಡವಿ, ಯಾವುದು ಯಾವುದೆಂದು ಹೇಳುವುದು ನಮ್ಮ ಪರೀಕ್ಷೆಯ ಕ್ರಮ. ಮನುಷ್ಯ ಬದುಕಿರುವಾಗ ಅಸ್ಥಿರಜ್ಜುಗಳು, ಅಂದರೆ ಮೂಳೆಗೆ ಮೂಳೆ ಕಟ್ಟುವ ನಾರಿನ ಪಟ್ಟಿಗಳು, ಅವನ್ನು ಒಟ್ಟಿಗೆ ಹಿಡಿದಿರುತ್ತವೆ. ಪಟ್ಟಿ ಹೋದ ಮೇಲೆ ಹೊಳೆಯ ಕಲ್ಲುಗಳ ಹಾಗೆ ಬಿಡಿ ಬಿಡಿ. ಅತಿ ಚಿಕ್ಕದು ಬಟಾಣಿಯಷ್ಟಿರುತ್ತದೆ.

ಮೂಳೆಯ ಚೀಲವನ್ನೂ ಪುಟ್ಟಿಯ ಚೀಲವನ್ನೂ ಒಂದೇ ಹಳೆಯ ನೀಲಿ ಪರದೆಯಿಂದ ಹೊಲಿದವಳು ನಾನೇ.

ಇಂದು ಬೆಳಿಗ್ಗೆ 8.40ಕ್ಕೆ ಪುಟ್ಟಿಯನ್ನೂ ಒಂದು ನೀಲಿ ಚೀಲವನ್ನೂ ದೊಡ್ಡಮ್ಮನ ಕೈಗೆ ಕೊಟ್ಟೆ. ಆಕೆ ನಮಗೆ ಸಂಬಂಧಿಯಲ್ಲ. ಕೆಲಸಕ್ಕೆ ಹೋಗುವವರ ಮಕ್ಕಳನ್ನು ತನ್ನ ಮನೆಯಲ್ಲಿ ನೋಡಿಕೊಳ್ಳುತ್ತಾಳೆ. ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಾರೆ. 9.20ಕ್ಕೆ ಕಾಲೇಜಿನಲ್ಲಿ, ಮೂವತ್ತೆರಡು ವಿದ್ಯಾರ್ಥಿಗಳ ಮುಂದೆ, ಮುಂಗೈ ಮೂಳೆ ನೋಡಿ ಎನ್ನುತ್ತ ಚೀಲಕ್ಕೆ ಕೈ ಹಾಕಿ ಹಾಲಿನ ಬಾಟಲಿ ಎತ್ತಿ ಹಿಡಿದೆ. ಇದು ಎಡಗಡೆಯದಾ ಬಲಗಡೆಯದಾ ಮೇಡಂ, ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಮಾರು ಎರಡು ಸೆಕೆಂಡು. ಆಮೇಲೆ ಇನ್ನೊಂದು ನೀಲಿ ಚೀಲ ಎಲ್ಲಿದೆ ಎಂದು ಹೊಳೆಯಿತು.

9.22ಕ್ಕೆ ಫೋನ್ ಮಾಡಿದಾಗ ದೊಡ್ಡಮ್ಮ, ಬೇಗ ಬಾ ತಾಯಿ, ನಿನ್ನ ಮಗಳ ಚೀಲದಲ್ಲಿ ಯಾರದೋ ಕೈ ಇದೆ, ನಾನು ಠಾಣೆಯಲ್ಲಿದ್ದೀನಿ ಎಂದಳು.

ಒಂದೂವರೆ ಕಿಲೋಮೀಟರ್ ಓಡಿ 9.40ಕ್ಕೆ ಠಾಣೆ ತಲುಪಿದೆ. ದೊಡ್ಡಮ್ಮ ಪುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದಳು. ಮೇಜಿನ ಮೇಲೆ ದಿನಪತ್ರಿಕೆ ಹಾಸಿ ಮೂಳೆಗಳನ್ನು ಇಟ್ಟಿದ್ದರು. ಆ ಕೈ ಅಂಗೈ ಮೇಲಾಗಿ ಬಿದ್ದಿತ್ತು. ಅದು ಗಾಢ ನಿದ್ದೆಯಲ್ಲಿದೆ ಎನಿಸಿ ನನಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ಕಾಲೇಜಿನ ಗುರುತು ಚೀಟಿ ತೋರಿಸಿ ನಂಬರ್ ಹೇಳಿದೆ. ನಂತರ ಬಿಡಿ ಮೂಳೆ ಎಣಿಸಿದೆ. ಏಳಿದ್ದವು. ಮೂರು ಸಲ ಎಣಿಸಿದೆ. ಬಟಾಣಿಯಂಥದ್ದು ಇರಲಿಲ್ಲ.

ಪುಟ್ಟಿಯೇ ಚೀಲ ಎಳೆದು ಸುರಿದುಕೊಂಡು ಕೂತಿದ್ದಳು, ಇನ್ನೊಂದು ಮಗುವಿನ ಮೂಗು ಒರೆಸುವಷ್ಟು ಹೊತ್ತು ಮಾತ್ರ ತಾನು ತಿರುಗಿದ್ದೆ, ನೆಲವನ್ನೆಲ್ಲ ಗುಡಿಸಿ ನೋಡಿಯೇ ಬಂದೆ ಎಂದು ದೊಡ್ಡಮ್ಮ ತಿಳಿಸಿದಳು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು. ಹೆಡ್ ಕಾನ್‌ಸ್ಟೇಬಲ್, ಎಂಟೇ ಅಂತ ಗ್ಯಾರಂಟಿನಾ ಅಮ್ಮಾ, ಈ ಕೈಯವನಿಗೆ ಹುಟ್ಟಿದಾಗಲೇ ಏಳಿದ್ದಿರಬಹುದಲ್ವಾ ಎಂದು ಕೇಳಿದರು. ಕಿರುಬೆರಳಿನ ಬುಡದಿಂದ ಕೆಳಗೆ, ಅಂಗೈ ಮುಗಿಯುವಲ್ಲಿ ಒತ್ತಿ ನೋಡಿಕೊಳ್ಳಿ ಎಂದೆ. ಅವರು ಒತ್ತಿ ನೋಡಿಕೊಂಡು, ನನ್ನದಿದೆ ಎಂದು ಮೆಲ್ಲಗೆ ಹೇಳಿ ಜೀಪು ಕರೆಸಿದರು. ದೊಡ್ಡಮ್ಮನೂ ನಮ್ಮ ಜೊತೆ ಹತ್ತಿದಳು.

10.50ಕ್ಕೆ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಪುಟ್ಟಿ ನನ್ನ ಹೆಗಲ ಮೇಲೆ ನಿದ್ದೆಹೋದಳು. ಸ್ವೆಟರ್ ಬಿಚ್ಚಿ ಎಂದು ಟೆಕ್ನಿಷಿಯನ್ ಹೇಳಿದ. ಲೋಹದ ಗುಂಡಿಯಿಲ್ಲ, ಕೈ ಮುಗಿಯುತ್ತೇನೆ, ಎಬ್ಬಿಸಬೇಡಿ ಎಂದೆ. ಮೇಜಿನ ಮೇಲೆ ಹಾಗೇ ಮಲಗಿಸಿ ತೆಗೆದ.

ಕತ್ತಲ ಪರದೆಯ ಮೇಲೆ ನನ್ನ ಮಗಳು ಬೆಳಕಿನಲ್ಲಿ ಮಾಡಿದವಳಂತೆ ತೇಲುತ್ತಿದ್ದಳು. ಪಕ್ಕೆಲುಬುಗಳು ಬಾಚಣಿಗೆಯ ಹಲ್ಲಿಗಿಂತ ತೆಳ್ಳಗೆ. ಕೀಲುಗಳಿರಬೇಕಾದಲ್ಲೆಲ್ಲ ಖಾಲಿ, ಮೂಳೆಗಳು ಒಂದನ್ನೊಂದು ಮುಟ್ಟದೆ, ಮುಟ್ಟುವ ದಿನಕ್ಕೆ ಕಾಯುತ್ತಿದ್ದವು. ಹೊಟ್ಟೆಯಲ್ಲಿ ಏನೂ ಇಲ್ಲ, ಗಂಟಲಲ್ಲೂ ಇಲ್ಲ, ಮನೆಗೆ ಹೋಗಿ ನೀವೂ ಮಲಗಿ ಎಂದು ಟೆಕ್ನಿಷಿಯನ್ ಹೇಳಿದ. ಹಾಗಾದರೆ ಎಲ್ಲಿ ಎಂದೆ. ಅವನು ಮತ್ತೆ ಪರದೆಯತ್ತ ಬಗ್ಗಿದ.

ಪುಟ್ಟಿಯ ಎಡಗೈ ಸೊಂಟದ ಪಕ್ಕ ಬಿದ್ದಿತ್ತು. ಮಣಿಕಟ್ಟಿನಲ್ಲಿ ಮೂರು ಚುಕ್ಕಿಗಳು. ಇವು ಅವಳವೇ ಅಲ್ವಾ ಎಂದು ಅವನು ಕೇಳಿದ. ಈ ವಯಸ್ಸಿನ ಮಗುವಿನ ಮಣಿಕಟ್ಟಿನಲ್ಲಿ ಸಾಮಾನ್ಯವಾಗಿ ಎರಡೇ ಮೂಳೆ ಕಾಣುತ್ತವೆ. ಉಳಿದವು ಇನ್ನೂ ಮೆದು. ವರ್ಷಕ್ಕೊಂದರಂತೆ ಗಟ್ಟಿಯಾಗುತ್ತ, ಬಟಾಣಿಯಂಥದ್ದು ಎಲ್ಲಕ್ಕಿಂತ ಕೊನೆಗೆ, ಹತ್ತು ವರ್ಷದ ಸುಮಾರಿಗೆ ಬರುತ್ತದೆ. ಇಲ್ಲಿ ಅದು ತನ್ನ ಜಾಗದಲ್ಲೇ ಇತ್ತು. ನಾನು ಹತ್ತು ವರ್ಷ ಮಲಗಿಬಿಟ್ಟೆನೇನೋ ಎಂದು ಭಯವಾಯಿತು.

ಮೇಜಿನ ಬಳಿ ಹೋಗಿ, ಮುಂದಿನ ವರ್ಷಕ್ಕೂ ಆಗಲೆಂದು ದೊಡ್ಡದಾಗಿ ಹೆಣೆದಿದ್ದ ಸ್ವೆಟರಿನ ಎಡತೋಳಿನ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದೆ. ಮೂರನೆಯ ಮಡಿಕೆಯಿಂದ ಅದು ನನ್ನ ಅಂಗೈಗೆ ಬಿತ್ತು. ಬೆಚ್ಚಗಿತ್ತು. ಸಮಯ 11.10. ದೊಡ್ಡಮ್ಮ ನೆಲದ ಮೇಲೆ ಕೂತು, ಹಾಳಾದವಳೇ, ನನ್ನ ಜೀವ ಬಾಯಿಗೆ ತಂದೆಯಲ್ಲೇ ಎಂದು ನನ್ನನ್ನು ಬೈಯುತ್ತ ಪುಟ್ಟಿಯ ಕಾಲು ಸವರಿದಳು.

ಆಕೆಯ ಮೇಲೆ ನನ್ನ ದೂರು ಏನೂ ಇಲ್ಲ. ಆಕೆ ಮಾಡಿದ್ದು ಸರಿ. ತಪ್ಪು ನನ್ನದು.

ಎಂಟು ಮೂಳೆಗಳನ್ನೂ ಠಾಣೆಯಲ್ಲಿ ಎಣಿಸಿ ತೋರಿಸಿದೆ. ಇದು ಯಾರ ಕೈ ಎಂದು ಹೆಡ್ ಕಾನ್‌ಸ್ಟೇಬಲ್ ಕೇಳಿದರು. ಕಾಲೇಜಿನಲ್ಲೂ ನಂಬರ್ ಬಿಟ್ಟು ಬೇರೇನೂ ಇಲ್ಲ ಎಂದೆ. ಎಂಟನೆಯದು ಬರುವ ತನಕ ಯಾರೋ ನಿದ್ದೆಗೆಟ್ಟು ಬೆಳೆಸಿದ ಕೈ ಎಂದು ಬರೆಯಲು ಬರುತ್ತದೆಯೇ ಎಂದು ಕೇಳಿದೆ. ಅಂಥ ಕಾಲಂ ಇಲ್ಲಮ್ಮಾ ಎಂದರು.

ಮಗು ಮಲಗಿರುವುದರಿಂದ ಇದಿಷ್ಟನ್ನೂ ಮೆಲುದನಿಯಲ್ಲಿ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ನಿಜವಿದೆ. ಅವಳ ತಲೆ ನನ್ನ ಎಡ ಮುಂಗೈ ಮೇಲಿದೆ, ಕಾಗದ ಒತ್ತಿ ಹಿಡಿಯಲು ಆಗುತ್ತಿಲ್ಲ. ಸಹಿ ವಾರೆಯಾಗಿದ್ದರೂ ನನ್ನದೇ.

ಸ್ಥಳ: ಠಾಣೆ, ಗೋಡೆ ಬದಿಯ ಬೆಂಚು
ದಿನಾಂಕ: ಇದೇ ದಿನ, ಮಧ್ಯಾಹ್ನ 12.45
(ಸಹಿ)