ನಾಲ್ಕು ಬೆರಳಿನ ಹೊಸ್ತಿಲು

...ಅದಕ್ಕೇ ಹೇಳಿದ್ದು ಜಿಬೆಕ್, ಆ ಹಾಳು ಕಚೇರಿಗೆ ನೀನು ವಾಪಸ್ ಬರೋದೇ ಬೇಡ ಅಂತ. ನಗ್ತೀಯಾ? ನಗು, ನಗು. ಬಾಗಿಲಲ್ಲಿ ನಾನು ಕಾಲು ಎತ್ತಿಟ್ಟಿದ್ದು ನೋಡಿ ಆಗಿಂದ ನಗ್ತಾನೇ ಇದ್ದೀಯ. ನಿಮ್ಮನೇಲಿ ಹೊಸ್ತಿಲು ಇಲ್ಲ ಅನ್ನೋದು ಪ್ರತಿ ಸಲ ಮರೆತು ಹೋಗುತ್ತೆ ಕಣೇ. ನಿಮ್ಮಪ್ಪ ಗರಗಸ ಹಿಡಿದು ಕುಯ್ದು ಹಾಕಿ ನಾಲ್ಕು ವರ್ಷ ಆಯ್ತು, ಆದ್ರೂ ಈ ಕಾಲಿಗೆ ಬುದ್ಧಿ ಬಂದಿಲ್ಲ. ಹುಟ್ಟಿದಾಗಿಂದ ದಾಟಿ ದಾಟಿ ಅಭ್ಯಾಸ. ತುಳಿಯೋ ಹಾಗಿಲ್ವಲ್ಲ, ಮನೆ ಬರಕತ್ತು ಅಲ್ಲೇ ಕೂತಿರುತ್ತೆ ಅಂತ ನಮ್ಮಜ್ಜಿ ಬೆನ್ನಿಗೆ ಬಾರಿಸಿ ಬಾರಿಸಿ ಕಲಿಸಿದ್ಲು.

ಆ ಮನುಷ್ಯನೂ ಅದನ್ನೇ ಹೇಳ್ತಾನೆ ನೋಡು, ನಮ್ಮ ಎಸೆನ್‌ಕುಲ್ ಸಾಹೇಬ. ಬರಕತ್ತಂತೆ. ಥೂ. ಅವನ ಹೆಸರೆತ್ತಿದ್ರೆ ಬಾಯಿ ತೊಳ್ಕೋಬೇಕು. ಚಹಾ ಹಾಕು ಸ್ವಲ್ಪ.

ಇಲ್ಲ ಕಣೇ, ನಿನ್ನ ಮನಸ್ಸು ನೋಯಿಸೋಕೆ ಹೇಳ್ತಿಲ್ಲ. ಪಿಂಚಣಿ ಕಚೇರಿ ಎರಡನೇ ಕಿಟಕೀಲಿ ಏಳು ವರ್ಷ ಕೂತವಳು ನೀನು. ಮುದುಕರ ಕಾಗದ ಅವರಿಗಿಂತ ಚೆನ್ನಾಗಿ ನಿನಗೇ ಗೊತ್ತಿರ್ತಿತ್ತು. ಕಣಿವೆ ದಾರೀಲಿ ಕಾರು ಜಾರಿ ಕಾಲು ಹೋಯ್ತು, ಸರಿ, ತಲೆ ಎಲ್ಲಿಗೆ ಹೋಗಿದೆ? ಈಗ ರಾಜಧಾನಿಯಿಂದ ಆರ್ಡರ್ ಬಂದಿದೆ. ಅಂಗವಿಕಲರು ತಾವೇ ಒಳಗೆ ಬರೋ ಹಾಗೆ ಕಚೇರಿ ಸರಿ ಮಾಡಿ, ಕೆಲಸ ಬಿಟ್ಟವರನ್ನ ವಾಪಸ್ ತಗೊಳ್ಳಿ ಅಂತ. ಈ ತಿಂಗಳ ಕೊನೆ ಒಳಗೆ ನೀನು ಬಂದು ಸೇರಿದ್ರೆ ಕಿಟಕಿ ನಿಂದು, ಇಲ್ಲಾಂದ್ರೆ ಹೋಯ್ತು. ನನಗೂ ಖುಷಿ ಆಯ್ತಮ್ಮ. ಯಾಕೆ ಹಾಗೆ ನೋಡ್ತೀಯ? ಆಯ್ತು. ಆ ಕಿಟಕೀಲಿ ಈಗ ಕೂತಿರೋಳು ನಾನೇ, ನೀನು ಬಂದ್ರೆ ನಾನು ಏಳಬೇಕು. ಎದ್ದರಾಯ್ತು. ಮನೇಲಿ ಸೊಸೆ ಮುಖ ನೋಡ್ಕೊಂಡು ಬಿದ್ದಿರ್ತೀನಿ. ನನಗೇನು ಆಸೆ ಅಂದ್ಕೊಂಡೆಯಾ? ರೊಟ್ಟಿ ಆಣೆ, ಅಂಥ ಆಸೆ ಇದ್ರೆ ಆ ರೊಟ್ಟೀನೇ ಹೊಡೀಲಿ ನನ್ನ.

ಆದ್ರೆ ಅಲ್ಲಿ ಅವರು ಮಾಡಿಟ್ಟಿರೋದು ನೋಡಿದ್ರೆ ವಾಂತಿ ಬರುತ್ತೆ ಕಣೇ. ಮೇಲೆ ಥಳಕು, ಒಳಗೆ ಹುಳುಕು. ಗೇಟಿಂದ ಕುರುಡರಿಗೆ ಅಂತ ಉಬ್ಬುಗೆರೆಯ ಹಳದಿ ಕಲ್ಲು ಹಾಸಿದ್ದಾರಲ್ಲ, ಅದು ಬಾಗಿಲಿಗೆ ಹೋಗಲ್ಲ, ಬಾವುಟದ ಕಂಬಕ್ಕೆ ಹೋಗುತ್ತೆ! ಕಲ್ಲು ಹಾಸಿದೋನು ಸಾಹೇಬನ ಭಾವಮೈದ, ನೆಟ್ಟಗೆ ಬರಲಿ ಅಂತ ಕಂಬಕ್ಕೆ ದಾರ ಕಟ್ಟಿ ಅಳತೆ ಹಿಡಿದನಂತೆ, ಹಾಗೇ ಮುಗಿಸಿಬಿಟ್ಟ. ಪಾಪ ಕಾಡಿರ್ ಅಜ್ಜ ಮೊದಲ ದಿನವೇ ಕೋಲು ಕುಟ್ಟಿಕೊಂಡು ನಂಬಿ ಹೋಗಿ ಹಣೆ ಬಡಿಸ್ಕೊಂಡ. "ಬುರುಲ್ ತಾಯಿ, ಕಚೇರಿ ಬಾಗಿಲು ಇಷ್ಟು ಸಣ್ಣ ಯಾವಾಗ ಆಯ್ತು" ಅಂತ ನನ್ನನ್ನೇ ಕೇಳಿದ ಆ ಮುದುಕ, ಕಂಬ ತಡವಿಕೊಂಡು. ನಗಬೇಡ. ನಗೋ ವಿಷಯಾನಾ ಅದು?

ಇನ್ನು ನಿನಗೆ ಅಂತ ಮಾಡಿರೋ ಅಗಲದ ಪಾಯಖಾನೆ. ಅದರೊಳಗೆ ಸಾಹೇಬನ ಮನೆ ಆಲೂಗಡ್ಡೆ ಮೂಟೆ. ತಣ್ಣಗಿರುತ್ತೆ, ಮೊಳಕೆ ಬರಲ್ಲ ಅಂತಾನೆ. ಹೊರಗೆ ಗಾಲಿಕುರ್ಚಿ ಚಿತ್ರ, ಒಳಗೆ ಆಲೂಗಡ್ಡೆ. ಸಹಾಯ ಬೇಕಾದ್ರೆ ಒತ್ತಿ ಅಂತ ಗೋಡೆ ಮೇಲೆ ಗುಂಡಿ ಇದೆ, ಅದಕ್ಕೆ ವೈರೇ ಇಲ್ಲ, ಗೋಂದು ಹಾಕಿ ಅಂಟಿಸಿದ್ದು. ನಾನೇ ಕಿತ್ತು ನೋಡಿದೆ, ಕೈಗೆ ಬಂತು. ಥೂ, ಥೂ.

ಏನು? ಹೊಸ್ತಿಲಾ? ಹೇಳ್ತೀನಿ ತಾಳು.

ಮೊನ್ನೆ ಸೋಮವಾರ ನೀನು ಬಂದೆಯಲ್ಲ, ನಿಮ್ಮಪ್ಪನ್ನ ಗೇಟಿನ ಹೊರಗೇ ನಿಲ್ಲಿಸಿ, ಒಬ್ಬಳೇ. ನಾನು ಕಿಟಕಿಯಿಂದ ನೋಡ್ತಿದ್ದೆ. ರ‍್ಯಾಂಪು ಹತ್ತಿ ಬಾಗಿಲ ತನಕ ಬಂದು ನಿಂತೆ. ಎದುರಿಗೆ ನಾಲ್ಕು ಬೆರಳೆತ್ತರ ಹೊಸ್ತಿಲು. ಮುಂದೆ ಹೋಗೋ ಹಾಗಿಲ್ಲ, ಹಿಂದೆ ತಿರುಗೋಕೆ ಜಾಗ ಇಲ್ಲ. ಸಾಹೇಬ ಒಳಗಿಂದ ಕೈ ಕಟ್ಕೊಂಡು ನೋಡಿ, ಕಾಗದ ತಗೊಂಡು ಬರೆದ: ಅರ್ಜಿದಾರಳು ಬಂದಳು, ಒಳಗೆ ಬರಲು ಇಷ್ಟಪಡಲಿಲ್ಲ. ಇಷ್ಟಪಡಲಿಲ್ಲವಂತೆ! ಆ ಅಕ್ಷರ ಬರೆದ ಕೈಗೆ ಹುಳ ಬೀಳಲಿ.

ನಾನೇ ಯಾಕೆ ಎದ್ದು ಬರಲಿಲ್ಲ ಅಂತೀಯಾ? ಕಿಟಕೀಲಿ ಜನ ಇದ್ರು ಕಣೇ. ತುಂಬ ಜನ. ...ಇಬ್ಬರಿದ್ರು.

ಹೊಸ್ತಿಲು ಯಾಕೆ ತೆಗೀಲಿಲ್ಲ ಅಂತ ಕೇಳಬೇಡ. ತೆಗೆದಿದ್ರು, ಅದೇ ಅಸಹ್ಯ. ಹೋದ ತಿಂಗಳು ರಾಜಧಾನಿಯಿಂದ ತಪಾಸಣೆಯವರು ಬಂದ್ರಲ್ಲ, ಅವತ್ತು ಬೆಳಗ್ಗೆ ಭಾವಮೈದ ಬಂದು ಹೊಸ್ತಿಲು ಬಿಚ್ಚಿದ. ಅವರ ಕಾರು ಗೇಟು ದಾಟಿದ ಮೇಲೆ ವಾಪಸ್ ಮೊಳೆ ಹೊಡೆದ. ಹೊಸ್ತಿಲಿಲ್ಲದ ಕಚೇರೀಲಿ ಬರಕತ್ತು ನಿಲ್ಲಲ್ಲ ಅಂತ ಸಾಹೇಬನ ಹುಕುಂ. ಆಲೂಗಡ್ಡೆ ಮೂಟೆ ಹೊತ್ಕೊಂಡು ಬರುವಾಗ ಬರಕತ್ತಿಗೆ ಏನೂ ಆಗಲ್ಲ, ನಿನ್ನ ಚಕ್ರ ಬಂದ್ರೆ ಮಾತ್ರ ಓಡಿ ಹೋಗುತ್ತೆ. ತಪಾಸಣೆಯವರು ಏನು ಬರೆದ್ರು ಗೊತ್ತಲ್ಲ? ಗಾಲಿಕುರ್ಚಿಯಲ್ಲಿ ಬಂದ ಒಬ್ಬ ಹೆಂಗಸು ಯಾರ ಸಹಾಯವೂ ಇಲ್ಲದೆ ಒಳಗೆ ಹೋದಳು, ಎಲ್ಲ ಸರಿಯಾಗಿದೆ ಅಂತ.

ಯಾವ ಹೆಂಗಸು? ನನಗೇನು ಗೊತ್ತು. ಮೇಲಿನ ಹಳ್ಳಿಯವಳು ಯಾರೋ. ನಾನು ಹಿಂದುಗಡೆ ಚಹಾ ಕಾಯಿಸ್ತಿದ್ದೆ, ರೊಟ್ಟಿ ಹೊಡೀಲಿ ನನ್ನ. ಆದ್ರೂ ಆ ರ‍್ಯಾಂಪು ಹತ್ತಿದವಳ ಗುಂಡಿಗೆ ಮೆಚ್ಚಬೇಕು ಬಿಡು. ಏನು ಕಡಿದಾಗಿದೆ ಅಂತೀಯಾ! ಅರ್ಧ ದಾರೀಲಿ ಕುರ್ಚಿ ಹಿಂದಕ್ಕೆ ಎಳೆಯುತ್ತೆ, ಆಕಾಶ ಬಿಟ್ರೆ ಏನೂ ಕಾಣಲ್ಲ, ಅಂಗೈ ಉರಿಯುತ್ತೆ, ಎಡಗಡೆ ಚಕ್ರ ಬೇರೆ ಗೋಡೆಗೆ ಉಜ್ಜುತ್ತೆ. ಎಲ್ಲಿ ಮಗುಚಿಕೊಳ್ತೀವೋ ಅಂತ ಪ್ರಾಣ ಬಾಯಿಗೆ ಬರುತ್ತೆ...

ಹಾಗಲ್ಲ. ನೋಡಿದ್ರೆ ಗೊತ್ತಾಗಲ್ವಾ? ಮೊನ್ನೆ ನೀನು ಹತ್ತುವಾಗ ನೋಡಿದೆನಲ್ಲ, ಅದನ್ನೇ ಹೇಳ್ದೆ.

ಬಿಡು ಅವರ ಸುದ್ದಿ. ನಾನು ಬಂದಿದ್ದು ಬೇರೆ ಕೆಲಸಕ್ಕೆ. ನೀನು ರಾಜಧಾನಿಗೆ ದೂರು ಬರೆದಿದ್ದೀಯಂತೆ. ಒಳ್ಳೇದೇ ಮಾಡಿದ್ದೀಯ. ಆದ್ರೆ ಯೋಚನೆ ಮಾಡು ತಾಯಿ, ಇಂಥ ಹೊಲಸಲ್ಲಿ ಕೂತು ಕೆಲಸ ಮಾಡ್ತೀಯಾ ನೀನು? ಆ ಮನುಷ್ಯ ದಿನಾ ನಿನ್ನ ರಕ್ತ ಹೀರ್ತಾನೆ. ಅದಕ್ಕೇ ಒಂದು ಸಣ್ಣ ಕಾಗದ ತಂದಿದ್ದೀನಿ. ದೂರು ವಾಪಸ್ ತಗೊಂಡಿದ್ದೇನೆ, ಮನೆ ಕಷ್ಟದಿಂದ ಕೆಲಸಕ್ಕೆ ಬರಲಾಗುತ್ತಿಲ್ಲ, ಅಷ್ಟೇ. ಕೆಳಗೊಂದು ಸಹಿ. ಸಾಹೇಬ ಕಳಿಸಿದ್ದಲ್ಲ ಇದು. ಕಳಿಸಿದ್ದು ಅವನೇ, ಆದ್ರೆ ನಾನು ತಂದಿದ್ದು ನಿನ್ನ ಒಳ್ಳೇದಕ್ಕೆ. ನಾನು ನಿನ್ನ ಎಜೆ ಅಲ್ವಾ? ಬೇರೆ ಯಾರನ್ನ ಅಷ್ಟು ಬಾಯಿ ತುಂಬ ಅಕ್ಕ ಅಂತ ಕರೆದಿದ್ದೀಯ ನೀನು?

ಪೆನ್ನು ತಗೋ.

ಮಾತಾಡೇ. ಬೈಯ್ಯಿ ಬೇಕಾದ್ರೆ. ಪೆನ್ನು ಯಾಕೆ ಪಕ್ಕಕ್ಕಿಟ್ಟೆ?

ಅದೇನು ದಿಂಬಿನ ಕೆಳಗಿಂದ ತೆಗೀತಿದ್ದೀಯ? ಪತ್ರಿಕೇನಾ? ನಮ್ಮೂರ ವಾರಪತ್ರಿಕೆ. ಹೂಂ, ತಪಾಸಣೆ ದಿನದ ಫೋಟೋ, ನೋಡಿದ್ದೀನಿ. ಮುಖ ಎಲ್ಲಿ ಕಾಣುತ್ತೆ ಇದರಲ್ಲಿ, ತಲೆ ತುಂಬ ಶಾಲು, ಬೆನ್ನು ಬೇರೆ ಈ ಕಡೆ. ಬೆರಳು ಯಾಕೆ ಅಲ್ಲಿಟ್ಟೆ? ಬೆನ್ನಿಗೆ ಕೊಟ್ಟಿರೋ ಕಂಬಳಿ ಮೆತ್ತೆ. ಕುರಿಕೊಂಬಿನ ಚಿತ್ತಾರ. ಅಂಥ ಮೆತ್ತೆ ಮನೆಮನೇಲೂ ಇರುತ್ತೆ, ನಮ್ಮನೇಲೇ ಮೂರಿವೆ.

...ಹೌದು. ಒಂದು ಕೊಂಬು ಅರ್ಧಕ್ಕೇ ನಿಂತಿದೆ. ಕೆಂಪು ದಾರ ಮುಗಿದುಹೋಯ್ತು ಎಜೆ ಅಂತ ನೀನೇ ಹೇಳಿದ್ದೆ. ಈಗ ಅದರ ಮೇಲೇ ಒರಗಿ ಕೂತಿದ್ದೀಯ.

ಇರಬಹುದು, ಕುರ್ಚಿ ನಿಂದೇ ಇರಬಹುದು. ಚಕ್ರ ಕಿರುಗುಟ್ಟುತ್ತೆ, ರಿಪೇರಿ ಮಾಡಿಸ್ಕೊಂಡು ಬರ್ತೀನಿ ಅಂತ ಆ ವಾರ ಬುಧವಾರ ತಗೊಂಡು ಹೋದೆ, ಶುಕ್ರವಾರ ತಂದು ಕೊಟ್ಟೆ. ನಡುವೆ ಅಂಗಡಿಯವನು ಯಾರಿಗೆ ಕೊಟ್ನೋ ನನಗೇನು ಗೊತ್ತು? ಕುರ್ಚಿ ನಿಂದು ಅಂದಮಾತ್ರಕ್ಕೆ ಅದರಲ್ಲಿ ಕೂತವಳು ನಾನು ಅಂತಾಗುತ್ತಾ?

ನೀನು ಹಾಗೆ ಹೇಳಲಿಲ್ಲ.

ನೀನು ಏನೂ ಹೇಳೇ ಇಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ, ಕಳ್ಳ ಅಂತ ಇಲ್ಲಿ ಯಾರೂ ಅನ್ನಲೂ ಇಲ್ಲ.

ರೊಟ್ಟಿ ಯಾಕೆ ಈ ಕಡೆ ತಳ್ತೀಯ? ನನಗೆ ಸಾಕು, ಹೊಟ್ಟೆ ತುಂಬಿದೆ. ಓ. ಮುಟ್ಟಿ ಹೇಳು ಅಂತೀಯಾ? ಆಗಿಂದ ಹೇಳ್ತಾನೇ ಇದ್ದೀನಲ್ಲೇ, ರೊಟ್ಟಿ ಹೊಡೀಲಿ ಅಂತ. ಅದೇ, ಬಾಯಿಮಾತಿಗೆ ಹೇಳೋದು ಬೇರೆ. ನಿಮ್ಮಪ್ಪ ಸುಟ್ಟಿದ್ದಾ ಇದು? ಇನ್ನೂ ಬಿಸಿ ಇದೆ.

ಅವತ್ತು... ಆ ಎರಡು ದಿನ ನಿಮ್ಮಪ್ಪ ನಿನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಹಿತ್ತಲಿಗೆ ಹೋಗ್ತಿದ್ರಂತೆ. ಗೊತ್ತಾಯ್ತು ನನಗೆ. ತಪಾಸಣೆ ದಿನ, ಗುರುವಾರ ಬೆಳಗ್ಗೆನೇ ಗೊತ್ತಾಯ್ತು. ಗೊತ್ತಿದ್ದೂ ಶಾಲು ಹೊದ್ಕೊಂಡೆ.

ಹಾಗೆ ನೋಡಬೇಡ. ಕಾಗದ ಮಡಚಿಟ್ಕೊಳ್ತೀನಿ, ಸಹಿ ಬೇಡ. ಎದ್ದು ಹೋಗ್ತೀನಿ. ಆ ರೊಟ್ಟೀನ ಮಾತ್ರ ಆ ಕಡೆ ಇಡು ಜಿಬೆಕ್.