ಬಾವಿಯ ಬಾಟಲಿಯಲ್ಲಿ ನಲ್ಲಿಯ ನೀರು

ನಾನು, ವಯಸ್ಸು 52, ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಹಿರಿಯ ವಿಶ್ಲೇಷಕಿ, ವಾಸ ಪ್ರಯೋಗಾಲಯದ ಹಿಂದಿನ ವಸತಿಗೃಹ, ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಕಳೆದ ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಲೋಹಕ್ಕೆ ಹೊಳಪು ಕೊಡುವ ಕಾರ್ಖಾನೆಯ ಪಕ್ಕದ ಬಾವಿಯ ನೀರಿನ ಮಾದರಿ ನಮ್ಮಲ್ಲಿಗೆ ಬಂತು. ಇಡೀ ಬೀದಿ ಕುಡಿಯುವುದು ಅದೇ ನೀರನ್ನು. ನೀರು ಹಳದಿಯಾಗಿದೆ ಎಂದು ದೂರು ಕೊಟ್ಟು ಕೊಟ್ಟು ಬೀದಿಯವರಿಗೆ ಸಾಕಾಗಿತ್ತು. ಮಾದರಿ ತಂದವನು ನಮ್ಮ ಕಚೇರಿಯ ಡ್ರೈವರ್, ನನ್ನ ತಂಗಿಯ ಗಂಡ. ಬಾಯಿ ಮುಚ್ಚುವವನಲ್ಲವಾದ್ದರಿಂದ ಎಲ್ಲರೂ ಅವನನ್ನು ರೇಡಿಯೋ ಎನ್ನುತ್ತಾರೆ. ಅಂದು ಪೆಟ್ಟಿಗೆ ಇಳಿಸಿ ತುಟಿ ಪಿಟಕ್ಕೆನ್ನದೆ ಹೋದ.

ಹೊಳಪಿನ ಕೆಲಸಕ್ಕೆ ಬಳಸುವ, ನೀರನ್ನು ಹಳದಿ ಮಾಡುವ ವಿಷಲೋಹ ಕ್ರೋಮಿಯಂ ಯಂತ್ರದಲ್ಲಿ ಕಾಣಲಿಲ್ಲ. ಸದ್ಯ ತಲೆನೋವು ತಪ್ಪಿತು, ವರದಿ ಕಳಿಸಿಬಿಡಿ ಎಂದು ಮುಖ್ಯಸ್ಥರು ಹೇಳಿದರು. ನನಗೂ ಮನೆಗೆ ಹೋಗಿ ಕಾಲು ಚಾಚಿದರೆ ಸಾಕಾಗಿತ್ತು. ಆದರೆ ಹಳದಿ ನೀರು ಇಷ್ಟು ತಿಳಿಯಾಗಿದ್ದದ್ದು ಮನಸ್ಸಿಗೆ ಒಗ್ಗಲಿಲ್ಲ. ನೀರಿನಲ್ಲಿರುವ ಲೋಹವು ಬಾಟಲಿಯ ಗೋಡೆಗೆ ಅಂಟದಿರಲೆಂದು ನಾವು ಖಾಲಿ ಬಾಟಲಿಗೆ ಮೊದಲೇ ಒಂದಿಷ್ಟು ಆಮ್ಲ ಹಾಕಿ ಕಳಿಸುತ್ತೇವೆ. ಅದ್ದಿದ ಲಿಟ್ಮಸ್ ಕಾಗದ ಕೆಂಪಾಗಬೇಕಿತ್ತು, ಆಗಲಿಲ್ಲ. ಕ್ಲೋರಿನ್ ನೋಡಿದೆ, ಇತ್ತು. ಆ ಬಾವಿಗೆ ಯಾರೂ ಕ್ಲೋರಿನ್ ಹಾಕುವುದಿಲ್ಲ, ಹಾಕುವುದು ನಲ್ಲಿಯಲ್ಲಿ ಬರುವ ನೀರಿಗೆ. ಬಾಟಲಿಯಲ್ಲಿದ್ದದ್ದು ನಲ್ಲಿಯ ನೀರು.

ವಾಹನದ ಶೆಡ್ಡಿಗೆ ಹೋಗಿ ಅವನನ್ನು ಕೇಳಿದೆ. ಮೊದಲು ತನಗೇನೂ ಗೊತ್ತಿಲ್ಲ ಎಂದ. ಆಮೇಲೆ, ಬಾವಿಯ ನೀರು ಚೆಲ್ಲಿ, ಬಾಟಲಿಯನ್ನು ಚೆನ್ನಾಗಿ ತೊಳೆದು ನಲ್ಲಿಯಲ್ಲಿ ತುಂಬಿಸಿದ್ದಾಗಿ ಒಪ್ಪಿಕೊಂಡ. ತೊಳೆದದ್ದರಿಂದಲೇ ಆಮ್ಲ ಹೋಗಿ ಸಿಕ್ಕಿಬಿದ್ದ. ಮೋಸದಲ್ಲೂ ಇಷ್ಟು ಅಚ್ಚುಕಟ್ಟು! ನನಗೆ ನಗು ಬಂತು, ಸಿಟ್ಟೂ ಬಂತು. ತಂಗಿ ಆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದಾಳೆ, ಅದು ಮುಚ್ಚಿದರೆ ಅವಳು ಮನೆ ಸೇರುತ್ತಾಳೆ, ಯಾರೂ ಹೇಳಿಕೊಟ್ಟದ್ದಲ್ಲ, ತನಗೇ ಹೊಳೆದದ್ದು ಎಂದ. "ಮನೆ ವಿಷ್ಯ ಅಕ್ಕಾ, ಇಲ್ಲಿಗೇ ಬಿಟ್ಬಿಡು" ಎಂದು ಕೈ ಮುಗಿದ. ಆ ಬೀದಿಯಲ್ಲೂ ಮನೆಗಳಿವೆ, ಮಕ್ಕಳಿದ್ದಾರೆ ಎಂದೆ.

ಶುಕ್ರವಾರ ನಾನೇ ಹೋಗಿ ನೀರು ಸೇದಿ ತಂದೆ. ಕ್ರೋಮಿಯಂ ಮಿತಿಗಿಂತ ಹನ್ನೊಂದು ಪಟ್ಟು ಇತ್ತು. ಶನಿವಾರ ನನ್ನ ವರದಿಯ ಮೇಲೆ ಬಾವಿಗೂ ಕಾರ್ಖಾನೆಗೂ ಬೀಗ ಬಿತ್ತು. ತಂಗಿ ನನ್ನ ಫೋನ್ ಎತ್ತುತ್ತಿಲ್ಲ. ಗಂಡ ಮಾಡಿದ್ದು ಅವಳಿಗಿನ್ನೂ ಗೊತ್ತಿಲ್ಲ. ಹೇಳುವ ಶಕ್ತಿ ನನಗೆ ಉಳಿದಿಲ್ಲ.

ಇಂದು ನನ್ನನ್ನು ಠಾಣೆಗೆ ಕರೆತಂದವನೂ ಅವನೇ. ಗೇಟಿನ ಹೊರಗೆ ಗಾಡಿಯಲ್ಲಿ ಕೂತಿದ್ದಾನೆ. ಇಳಿಯುವಾಗ, ನಿನ್ನ ಹೆಸರು ಹೇಳಲೇಬೇಕಾಗುತ್ತದೆ ಎಂದೆ. ಹೇಳು, ಎಷ್ಟು ಹೊತ್ತಾದರೂ ಕಾಯುತ್ತೇನೆ, ಈ ಬಿಸಿಲಲ್ಲಿ ನೀನು ನಡೆದು ಹೋಗುವುದು ಬೇಡ ಎಂದ.

ಇಷ್ಟೂ ನಾನೇ ಹೇಳಿ ಬರೆಸಿದ್ದು, ನಿಜವಾದದ್ದು. ಓದಿ ಹೇಳಿದ್ದನ್ನು ಕೇಳಿದ್ದೇನೆ. ತಿದ್ದುವಂಥದ್ದೇನೂ ಇಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 17 ಮಾರ್ಚ್, ಸೋಮವಾರ
ಸಹಿ: (ಹಿರಿಯ ವಿಶ್ಲೇಷಕಿ)